ನಿಮ್ಮ ಕ್ಷೇತ್ರದ ಚುನಾವಣಾ ಇತಿಹಾಸ ನೀವೇ ಬರೆಯುವುದು ಹೇಗೆ? ಮಹದೇವಪುರದ ಲೆಕ್ಕ ನೋಡೋಣ

ಯಾವ ವರ್ಷ ಯಾರು ಗೆದ್ದರು ಅಂತ ಹುಡುಕಿದರೆ ಒಂದು ಹೆಸರಿನ ಪಟ್ಟಿ ಸಿಗುತ್ತದೆ. ಅದನ್ನೇ ಇತಿಹಾಸ ಅಂದುಕೊಳ್ಳಬೇಡಿ. ಹಳ್ಳಿಗಳೆಲ್ಲ ನಗರವಾಗಿ ಹೋದ ಕಡೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಬೆಂಗಳೂರಿನ ಪೂರ್ವ ಅಂಚಿನ ಮಹದೇವಪುರವನ್ನೇ ತೆಗೆದುಕೊಳ್ಳಿ: ವೈಟ್‌ಫೀಲ್ಡ್, ಮಾರತ್‌ಹಳ್ಳಿ, ವರ್ತೂರು, ಬೆಳ್ಳಂದೂರು, ಕಾಡುಗೋಡಿ ಎಲ್ಲ ಇದರೊಳಗೇ ಬರುತ್ತವೆ.

ಮೊದಲು ಗಡಿ ನೋಡಿ. ಇದು ತುಂಬಾ ಮುಖ್ಯ, ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಮಹದೇವಪುರ ಅನ್ನುವ ವಿಧಾನಸಭಾ ಕ್ಷೇತ್ರ 2008ಕ್ಕಿಂತ ಮೊದಲು ಇರಲೇ ಇಲ್ಲ. 2001ರ ಜನಗಣತಿ ಆಧರಿಸಿ ಕ್ಷೇತ್ರ ಪುನರ್ವಿಂಗಡಣೆ ಆದಾಗ ಹಳೆಯ ವರ್ತೂರು ಕ್ಷೇತ್ರ ರದ್ದಾಯಿತು, ಹೊಸ ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹಾಗಾಗಿ 2004ರಲ್ಲಿ ವರ್ತೂರಿನಲ್ಲಿ ಕಾಂಗ್ರೆಸ್‌ನ ಎ. ಕೃಷ್ಣಪ್ಪ ಗೆದ್ದಿದ್ದನ್ನೂ 2008ರಲ್ಲಿ ಮಹದೇವಪುರದಲ್ಲಿ ಬಿಜೆಪಿಯ ಅರವಿಂದ ಲಿಂಬಾವಳಿ ಗೆದ್ದಿದ್ದನ್ನೂ ಪಕ್ಕಪಕ್ಕ ಇಟ್ಟು "ಜನ ಪಕ್ಷ ಬದಲಿಸಿದರು" ಅಂತ ಬರೆಯಬೇಡಿ. ಗಡಿಯೇ ಬೇರೆ, ಮತದಾರರೇ ಬೇರೆ ಅಲ್ವಾ? ನಿಮ್ಮ ಪುಸ್ತಕದಲ್ಲಿ 2008ರ ಮೇಲೆ ಒಂದು ದಪ್ಪ ಗೆರೆ ಎಳೆಯಿರಿ.

ಆಮೇಲೆ ಮತದಾರರ ಸಂಖ್ಯೆ. 2008ರಲ್ಲಿ ಇಲ್ಲಿ 3 ಲಕ್ಷಕ್ಕಿಂತ ಕಡಿಮೆ ಮತದಾರರಿದ್ದರು. 2024ರ ಹೊತ್ತಿಗೆ 6.5 ಲಕ್ಷ ದಾಟಿತ್ತು. ಇಷ್ಟು ಬೆಳೆದ ಕಡೆ ಗೆಲುವಿನ ಅಂತರವನ್ನು ಬರೀ ಮತಗಳಲ್ಲಿ ಹೇಳಿದರೆ ಸಾಲದು, ಶೇಕಡಾವಾರು ಹಾಕಿ. 2013ರಲ್ಲಿ ಲಿಂಬಾವಳಿ ಗೆದ್ದಿದ್ದು ಸುಮಾರು 6 ಸಾವಿರ ಮತಗಳಿಂದ, ಅಂದರೆ ಚಲಾವಣೆಯಾದ ಮತಗಳಲ್ಲಿ ಶೇ 3ರ ಆಸುಪಾಸು. 2018ರಲ್ಲಿ ಅಂತರ 18 ಸಾವಿರದ ಹತ್ತಿರ ಹೋಯಿತು. 2023ರಲ್ಲಿ ಅವರ ಪತ್ನಿ ಮಂಜುಳಾ ನಿಂತು 44 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

ಸೋತವರನ್ನೂ ಬರೆದಿಡಿ, ನಾವು ಸುಮ್ನೆ ಬಿಟ್ಟುಬಿಡುವುದು ಇವರನ್ನೇ. ಎ.ಸಿ. ಶ್ರೀನಿವಾಸ 2013, 2018 ಎರಡು ಸಲ ಕಾಂಗ್ರೆಸ್‌ನಿಂದ ಇಲ್ಲಿ ಸೋತು, 2023ರಲ್ಲಿ ಪುಲಕೇಶಿನಗರಕ್ಕೆ ಹೋಗಿ ಗೆದ್ದರು. ಅವರ ಜಾಗಕ್ಕೆ ಬಂದ ಎಚ್. ನಾಗೇಶ್ 2018ರಲ್ಲಿ ಮುಳಬಾಗಿಲಿನಲ್ಲಿ ಪಕ್ಷೇತರರಾಗಿ ಗೆದ್ದವರು, ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಮೀಸಲು ಕ್ಷೇತ್ರಗಳ ನಡುವೆ ಅಭ್ಯರ್ಥಿಗಳು ಹೀಗೆ ಓಡಾಡುವುದು ಸೋತವರ ಹೆಸರು ಬರೆದಾಗಲೇ ಕಾಣುವುದು.

ಲೋಕಸಭೆಗೆ ಬೇರೆ ಪುಟ ಇಡಿ, ವಿಧಾನಸಭೆ ಜೊತೆ ಕಲಸಬೇಡಿ. ಮಹದೇವಪುರ ಸೇರಿರುವ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಬಿಜೆಪಿಯ ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದರು. ಮಹದೇವಪುರ ಒಂದರಲ್ಲೇ ಅವರ ಲೀಡ್ 1,14,046. ಇಲ್ಲಿನ ವೋಟರ್ ಲಿಸ್ಟ್‌ನಲ್ಲಿ 1 ಲಕ್ಷಕ್ಕೂ ಜಾಸ್ತಿ ಅಕ್ರಮ ಮತಗಳಿವೆ ಅಂತ 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಆರೋಪಿಸಿದರು, ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಇಂಥ ಕಡೆ ಯಾರು ಏನು ಹೇಳಿದರು ಅಂತ ಎರಡೂ ಕಡೆಯದನ್ನು ತಾರೀಕಿನ ಜೊತೆ ಬರೆಯಿರಿ.

ಅಂಕಿಗಳು ಎಲ್ಲಿ ಸಿಗುತ್ತವೆ? ಒಟ್ಟು ಫಲಿತಾಂಶಕ್ಕೆ ಚುನಾವಣಾ ಆಯೋಗದ ವರದಿಗಳಿವೆ. ಬೂತ್‌ವಾರು ಬೇಕಿದ್ದರೆ ಫಾರಂ 20, ಅಂದರೆ ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವ ಪಟ್ಟಿ ಹುಡುಕಿ. ಒಂದು ಎಚ್ಚರಿಕೆ: ಮತದಾರರು ಹೆಚ್ಚಿದ ಹಾಗೆ ಹೊಸ ಬೂತ್ ಸೇರಿ ನಂಬರ್‌ಗಳು ಬದಲಾಗುತ್ತವೆ. 2013ರ ಬೂತ್ 100, 2023ರ ಬೂತ್ 100 ಒಂದೇ ಅಂದುಕೊಳ್ಳಬೇಡಿ. ಆ ವರ್ಷದ ವೋಟರ್ ಲಿಸ್ಟ್‌ನಲ್ಲಿರುವ ಶಾಲೆಯ ಹೆಸರು, ಬೀದಿಯ ಹೆಸರು ಹಿಡಿದು ಹೊಂದಿಸಿ. ನಿಧಾನದ ಕೆಲಸ, ಆದರೆ ಹಳೆಯ ಊರಿನ ಬೂತು, ಅಪಾರ್ಟ್‌ಮೆಂಟ್ ಬೂತು ಹೇಗೆ ಬೇರೆ ಬೇರೆ ಓಟು ಹಾಕಿವೆ ಅಂತ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಕೊನೆಗೆ ಊರಿನ ಹಿರಿಯರ ಹತ್ತಿರ ಕೂತು ಮಾತಾಡಿ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದರು. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ 5ನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಈ 17 ವರ್ಷಗಳಲ್ಲಿ ಪ್ರತಿ ಚುನಾವಣೆಗೂ ನೀರಿನ ಬಗ್ಗೆ ಯಾರು ಏನು ಮಾತು ಕೊಟ್ಟಿದ್ದರು ಅಂತ ಕೇಳಿ, ಆಯಾ ವರ್ಷದ ಫಲಿತಾಂಶದ ಪಕ್ಕದಲ್ಲೇ ಬರೆದುಕೊಳ್ಳಿ.