ಮೂವತ್ತರ ಹೊತ್ತಿಗೆ ರ‍್ಯಾಂಕಿಂಗ್ ಏರಿಸಿದ್ದು: ನನ್ನ ಅನುಭವ

ಮೂವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಟೆನಿಸ್‌ನ ಗ್ರ್ಯಾಂಡ್ ಸ್ಲಾಮ್ ಅರ್ಹತಾ ಸುತ್ತು ಆಡಿದೆ. ಆಯೋಜಕರು ಕೊಡುವ ವೈಲ್ಡ್ ಕಾರ್ಡ್ ಅಲ್ಲ, ರ‍್ಯಾಂಕಿಂಗ್ ಮೇಲೆಯೇ ಸಿಕ್ಕಿದ ಜಾಗ. ಇಪ್ಪತ್ತೆಂಟರಲ್ಲಿ ನಾನು 600ರ ಆಚೆ ಇದ್ದೆ. ಆಗ ಎಲ್ಲರೂ ಕೊಟ್ಟ ಸಲಹೆ ಒಂದೇ: ಸಾಕು, ಕೋಚಿಂಗ್‌ಗೆ ಇಳಿ. ಜೂನಿಯರ್ ದಿನಗಳಲ್ಲಿ ಜೊತೆಗೆ ಆಡಿದವರೂ ಅದನ್ನೇ ಹೇಳಿದರು, ಹಳೆಯ ಕೋಚ್ ಕೂಡ. ನಾನು ಮಾಡಿದ್ದು ಎರಡು ಕೆಲಸ. ಟೂರ್ನಿಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದೆ. ಎರಡನೇ ಸರ್ವನ್ನು (ಮೊದಲನೆಯದು ತಪ್ಪಿದಾಗ ಸಿಗುವ ಇನ್ನೊಂದು ಅವಕಾಶ) ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆ. ಎರಡನ್ನೂ ಯಾರೂ ಒಪ್ಪಲಿಲ್ಲ. ಈಗ ಅವರಲ್ಲೇ ಕೆಲವರು ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಪುರುಷರ ವೃತ್ತಿಪರ ಟೂರ್ನಿಗಳಲ್ಲಿ ಅತಿ ಕೆಳಗಿನ ಹಂತವಾದ ಎಂ15ರಲ್ಲಿ ಐದು ಪಂದ್ಯ ಗೆದ್ದು ಚಾಂಪಿಯನ್ ಆದರೆ ಕೈಗೆ ಬರುವುದು ಎರಡು ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಮೊದಲ ಸುತ್ತಿನಲ್ಲೇ ಸೋತರೆ 150ರ ಆಸುಪಾಸು. ಅದರಲ್ಲೂ ತೆರಿಗೆ ಹೋಗುತ್ತದೆ. ಅಮೆರಿಕದಲ್ಲಿ ಆಡಿದರೆ ಹೊರಗಿನವರಿಗೆ 30% ಹಿಡಿದುಕೊಂಡೇ ಕೊಡುತ್ತಾರೆ. ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ವಾರ ಆಡುತ್ತಿದ್ದಾಗ, ಕೋಚ್ ಇಲ್ಲದೆಯೇ ನನ್ನ ಖರ್ಚು 25 ಸಾವಿರ ಡಾಲರ್ ಹತ್ತಿರ ಆಗುತ್ತಿತ್ತು. ಗಳಿಕೆ ಎಂಟೋ ಒಂಬತ್ತೋ ಸಾವಿರ. ಆ ಅಂತರ ತುಂಬಿಸಿದ್ದು ಜರ್ಮನಿಯ ಕ್ಲಬ್ ಲೀಗ್. ಅಲ್ಲಿ ರ‍್ಯಾಂಕಿಂಗ್ ಅಂಕ ಇಲ್ಲ. ಆದರೆ ನಾನು ಆಡಿದ ಕ್ಲಬ್‌ನಲ್ಲಿ ಗೆದ್ದರೂ ಸೋತರೂ ಪಂದ್ಯಕ್ಕೆ ಇಷ್ಟು ಅಂತ ಕೊಡುತ್ತಿದ್ದರು, ಉಳಿಯಲು ಕೋಣೆಯೂ ಇತ್ತು. ಅಂಕ ಸಿಗದ ಕಡೆ ಬೇಸಿಗೆ ಯಾಕೆ ಕಳೆಯುತ್ತೀ ಅಂತ ಗೆಳೆಯರು ಬೈದರು. ಒಂದು ಬೇಸಿಗೆಯ ಲೀಗ್ ದುಡ್ಡಿನಲ್ಲಿ ನನ್ನ ಇಡೀ ಚಳಿಗಾಲದ ತರಬೇತಿ ನಡೆಯಿತು. ಜೊತೆಗೆ ರ‍್ಯಾಕೆಟ್‌ಗೆ ತಂತಿ ಬಿಗಿಯುವ ಒಂದು ಸಣ್ಣ ಸ್ಟ್ರಿಂಗಿಂಗ್ ಮೆಷಿನ್ ಕೊಂಡೆ. ನನ್ನ ಖರ್ಚು ಉಳಿಯಿತು. ಟೂರ್ನಿಗಳಲ್ಲಿ ಬೇರೆಯವರ ರ‍್ಯಾಕೆಟ್‌ಗೂ ಹಾಕಿಕೊಟ್ಟು ಊಟದ ದುಡ್ಡು ಎತ್ತಿದೆ.

ಟೂರ್ನಿ ಕಡಿಮೆ ಮಾಡಿದ್ದಕ್ಕೆ ಕಾರಣ ಸರಳ. ರ‍್ಯಾಂಕಿಂಗ್‌ಗೆ ವರ್ಷದ ಒಳ್ಳೆಯ ಫಲಿತಾಂಶಗಳಷ್ಟೇ ಲೆಕ್ಕ. ಮೊದಲ ಸುತ್ತಿನ ಸೋಲು ಹತ್ತು ಇದ್ದರೂ ಸೊನ್ನೆ, ಇಪ್ಪತ್ತು ಇದ್ದರೂ ಸೊನ್ನೆ. ವಿಮಾನದ ಟಿಕೆಟ್ ಮಾತ್ರ ಸೊನ್ನೆ ಅಲ್ಲ. ಎಂ15 ಗೆದ್ದರೆ 15 ಅಂಕ, ಅದಕ್ಕಿಂತ ಮೇಲಿನ ಹಂತವಾದ ಚಾಲೆಂಜರ್‌ನಲ್ಲಿ 75ರ ದರ್ಜೆಯದನ್ನು ಗೆದ್ದರೆ 75. ಸ್ಲಾಮ್ ಅರ್ಹತಾ ಸುತ್ತಿಗೆ 230ರ ಆಸುಪಾಸು ರ‍್ಯಾಂಕ್ ಬೇಕು, ಅಂದರೆ ಸುಮಾರು 250 ಅಂಕ. ಅದನ್ನು ಎಂ15ರಲ್ಲಿ ಕೂಡಿಸುತ್ತೇನೆ ಅಂತ ಹೊರಟರೆ ಮೈ ಮುರಿಯುತ್ತದೆ, ಅಷ್ಟೇ.

ಹಾಗಾಗಿ ಒಂದೇ ಜಾಗದಲ್ಲಿ ಮೂರು ವಾರ ಆಡುವುದು, ಆಮೇಲೆ ಮೂರ‍್ನಾಲ್ಕು ವಾರ ಪೂರ್ತಿ ತರಬೇತಿ. ಶುರುವಿನಲ್ಲಿ ಟುನೀಷಿಯಾದ ಮೊನಾಸ್ಟಿರ್‌ನಲ್ಲೇ ಬೀಡುಬಿಟ್ಟೆ. ಅಲ್ಲಿ ಹೆಚ್ಚುಕಡಿಮೆ ಪ್ರತಿ ವಾರವೂ ಟೂರ್ನಿ ಇರುತ್ತದೆ, ಪ್ರಯಾಣವೇ ಇಲ್ಲ. ಎರಡನೇ ವಾರಕ್ಕೆ ಗಾಳಿ ಯಾವ ಕೋರ್ಟ್‌ನಲ್ಲಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದೂ ಗೊತ್ತಾಗಿಬಿಡುತ್ತದೆ. ಆಮೇಲೆ ಚಾಲೆಂಜರ್‌ಗೆ ಹತ್ತಿದಾಗಲೂ ಜಾಗ ನೋಡಿಯೇ ಹೆಸರು ಕೊಟ್ಟೆ: ಬಿಸಿಲು, ಒಣ ಗಾಳಿ, ಸ್ವಲ್ಪ ಎತ್ತರದ ಊರು. ನನ್ನ ಸರ್ವ್ ಅಲ್ಲಿ ಪುಟಿಯುತ್ತದೆ.

ಈ ಯೋಚನೆ ಬಂದದ್ದು ವಿಕ್ಟರ್ ಎಸ್ಟ್ರೆಯಾ ಬುರ್ಗೋಸ್ ಅವರನ್ನು ನೋಡಿ. ಡೊಮಿನಿಕನ್ ರಿಪಬ್ಲಿಕ್‌ನ ಆಟಗಾರ. ಮೊದಲ 100ರ ಒಳಗೆ ಬಂದದ್ದು 2014ರಲ್ಲಿ, 33ನೇ ವಯಸ್ಸಿನಲ್ಲಿ. ಮರುವರ್ಷ ಈಕ್ವೆಡಾರ್‌ನ ಕ್ವಿಟೊದಲ್ಲಿ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘಟನೆ) ಮಟ್ಟದ ಮೊದಲ ಪ್ರಶಸ್ತಿ. 2016, 2017ರಲ್ಲೂ ಅದೇ ಕ್ವಿಟೊ! ಸುಮಾರು 2,800 ಮೀಟರ್ ಎತ್ತರದ ಊರು, ಚೆಂಡು ಹಾರುತ್ತದೆ, ಬಹಳ ಜನ ಅಲ್ಲಿ ಒದ್ದಾಡುತ್ತಾರೆ. ಅವರು ಮಾತ್ರ ಅಲ್ಲಿ ಮನೆಯಲ್ಲಿದ್ದ ಹಾಗೆ ಆಡಿದರು. ನನಗೆ ಎಲ್ಲರೂ ಹೇಳುತ್ತಿದ್ದುದು ರೋಹನ್ ಬೋಪಣ್ಣ ಅವರ ಉದಾಹರಣೆ. 43ರಲ್ಲಿ ಡಬಲ್ಸ್ ನಂಬರ್ ಒನ್, 2024ರ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿ. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಸಿಂಗಲ್ಸ್‌ನಲ್ಲಿ ಮೂವತ್ತರ ಕಾಲುಗಳ ಲೆಕ್ಕವೇ ಬೇರೆ. ನನಗೆ ಹೊಂದುತ್ತಿದ್ದುದು ಎಸ್ಟ್ರೆಯಾ ದಾರಿ.

ಈಗ ಸರ್ವ್. ನನ್ನ ಹಳೆಯ ಎರಡನೇ ಸರ್ವ್ ಅಂದರೆ ಮೊದಲನೆಯದನ್ನೇ ಹಗುರ ಮಾಡಿ ಹೊಡೆಯುವುದು. ಸ್ಕೋರ್ 30-40 ಆಗಿ ಗೇಮ್ ಕೈತಪ್ಪುವ ಹಂತ ಬಂದ ಕೂಡಲೇ ಕೈ ಬಿಗಿಯುತ್ತಿತ್ತು, ಚೆಂಡು ಸರ್ವ್ ಬೀಳಬೇಕಾದ ಬಾಕ್ಸ್ ನಡುವೆ ಬಿದ್ದು ಎದುರಾಳಿಯ ಸೊಂಟದ ಎತ್ತರಕ್ಕೆ ಬಂದು ನಿಲ್ಲುತ್ತಿತ್ತು. 300ರ ಒಳಗಿನವರು ಅಂಥ ಚೆಂಡನ್ನು ಬಿಡುತ್ತಾರಾ? ಎರಡನೇ ಸರ್ವ್‌ನಲ್ಲಿ ನಾನು ಗೆಲ್ಲುತ್ತಿದ್ದ ಅಂಕ 42%ರಷ್ಟು. ಕಿಕ್, ಅಂದರೆ ಸ್ಪಿನ್‌ನಿಂದ ಎತ್ತರಕ್ಕೆ ಪುಟಿಯುವ ಸರ್ವ್, ಕಲಿಯಲೇಬೇಕಿತ್ತು. ಟಾಸ್ (ಸರ್ವ್‌ಗೆ ಚೆಂಡು ಮೇಲಕ್ಕೆ ಎಸೆಯುವುದು) ಒಂದು ಗೇಣು ಎಡಕ್ಕೆ ಸರಿಸಿದೆ. ಹಿಂದಿನ ಕಾಲು ಎಳೆದುಕೊಳ್ಳುವುದನ್ನು ಬಿಟ್ಟು, ಎರಡೂ ಪಾದ ಇದ್ದಲ್ಲೇ ಊರಿ ಎದ್ದೆ. ಅರ್ಧ ಬುಟ್ಟಿ ಚೆಂಡು ಮಂಡಿಯೂರಿಯೇ ಹೊಡೆಯುತ್ತಿದ್ದೆ. ಮಂಡಿಯೂರಿದಾಗ ಮೇಲಕ್ಕೆ ಬೀಸದಿದ್ದರೆ ಚೆಂಡು ನೆಟ್ ದಾಟುವುದೇ ಇಲ್ಲ, ತೋಳು ತಾನಾಗಿಯೇ ಕಲಿಯುತ್ತದೆ. ಆಚೆ ಬದಿಯ ಹಿಂದಿನ ಬೇಲಿಗೆ ಎದೆ ಎತ್ತರದಲ್ಲಿ ಬಿಳಿ ಟೇಪ್ ಸುತ್ತಿದ್ದೆ. ಪುಟಿದ ಚೆಂಡು ಟೇಪ್‌ಗಿಂತ ಮೇಲೆ ಬಡಿದರೆ ಲೆಕ್ಕ, ಕೆಳಗೆ ಬಡಿದರೆ ಲೆಕ್ಕಕ್ಕಿಲ್ಲ. ಬಾಕ್ಸ್ ಒಳಗೆ ಬಿತ್ತೋ ಇಲ್ಲವೋ ಅಂತ ಮೊದಲ ಕೆಲವು ತಿಂಗಳು ನೋಡಲೇ ಇಲ್ಲ.

ಫಲಿತಾಂಶ ಭೀಕರವಾಗಿತ್ತು. ಪಂದ್ಯಕ್ಕೆ ಹತ್ತು ಹನ್ನೆರಡು ಡಬಲ್ ಫಾಲ್ಟ್, ಅಂದರೆ ಎರಡೂ ಸರ್ವ್ ತಪ್ಪಿ ಅಂಕ ಹೋಗುವುದು. ಅರ್ಹತಾ ಸುತ್ತಿನಲ್ಲಿ ಹದಿನೇಳರ ಹುಡುಗರ ಕೈಲಿ ಸೋತೆ. ರ‍್ಯಾಂಕ್ 850ರ ಹತ್ತಿರಕ್ಕೆ ಜಾರಿತು. ಬೆನ್ನು ಬಿಲ್ಲಿನಂತೆ ಬಾಗಿಸಿ ಬಾಗಿಸಿ ಕೆಳಬೆನ್ನು ಹಿಡಿದುಕೊಂಡಿತು, ಒಂದು ತಿಂಗಳು ಸರ್ವೇ ಇಲ್ಲ. ಮರಳಿ ಬಂದ ಮೇಲೆ ವಾರಕ್ಕೆ ಮೂರೇ ದಿನ ಸರ್ವ್, ಉಳಿದ ದಿನ ಭುಜ ಮತ್ತು ಸೊಂಟದ ವ್ಯಾಯಾಮ. ಇಷ್ಟಾದರೂ ಹಳೆಯ ಸರ್ವ್‌ಗೆ ಒಂದು ಸಲವೂ ಮರಳಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಬದಲಾವಣೆ ತಂದದ್ದು ಒಂದೇ ಚೆಂಡಿನ ಸೆಟ್‌ಗಳು. ಅಭ್ಯಾಸದ ಪಂದ್ಯದಲ್ಲಿ ನನಗೆ ಮೊದಲ ಸರ್ವ್ ಇಲ್ಲ, ನೇರವಾಗಿ ಎರಡನೆಯದೇ. ತಪ್ಪಿದರೆ ಅಂಕ ಹೋಯಿತು. ಹೀಗೆ ಸುಮಾರು ಒಂದು ವರ್ಷ ಆಡಿದೆ, ತಿಂಗಳುಗಟ್ಟಲೆ ಸೋತೆ. ಆಮೇಲೆ ಒಂದು ದಿನ ಹಾಗೆ ಆಡಿಯೂ 6-4 ಗೆದ್ದೆ. ಎದುರಿಗಿದ್ದವನು 400ರ ಒಳಗಿನವನು. ಮುಂದಿನ ಸೀಸನ್‌ನಲ್ಲಿ ಆ 42 ಏರಿ 51, 52 ಆಯಿತು. ಇದು ಸಣ್ಣ ಅಂತರ ಅನ್ನಿಸಬಹುದು. ಫೆಡರರ್ ತಮ್ಮ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರಹತ್ತಿರ 80% ಗೆದ್ದರು, ಆದರೆ ಒಟ್ಟು ಅಂಕಗಳಲ್ಲಿ ಗೆದ್ದದ್ದು 54% ಮಾತ್ರ. ನಮ್ಮ ಆಟದಲ್ಲಿ ನೂರಕ್ಕೆ ಎರಡು ಮೂರು ಅಂಕ ಈ ಕಡೆ ಬಂದರೆ ಬದುಕೇ ಬದಲಾಗುತ್ತದೆ.

ಸೆಕೆಂಡ್ ಸರ್ವ್‌ಗೆ ನಿಂತಾಗ ಕಣ್ಣು ಎಲ್ಲಿಡುತ್ತೇನೆ, ಚೆಂಡನ್ನು ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೂ ಆಡುತ್ತಿದ್ದೇನೆ, ಓದುವವರಲ್ಲಿ ಎದುರಾಳಿಗಳೂ ಇದ್ದಾರೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಪಾಲಿಯೆಸ್ಟರ್ ಸ್ಟ್ರಿಂಗಿನ ಬಿಗಿತವನ್ನು 25 ಕಿಲೋದಿಂದ 21ಕ್ಕೆ ಇಳಿಸಿದೆ. ಕಿಕ್‌ಗೆ ತುಂಬಾ ಚೆನ್ನಾಗಿತ್ತು, ಬ್ಯಾಕ್‌ಹ್ಯಾಂಡ್ ಮಾತ್ರ ಬೇಲಿಗೆ ಹೋಗುತ್ತಿತ್ತು. 22.5ಕ್ಕೆ ನಿಲ್ಲಿಸಿದೆ. ಅಡ್ಡಕ್ಕೆ ನ್ಯಾಚುರಲ್ ಗಟ್ (ಪ್ರಾಣಿಯ ಕರುಳಿನಿಂದ ಮಾಡಿದ ತಂತಿ) ಹಾಕಿ ನೋಡಿದೆ. ಮೊಣಕೈಗೆ ಸುಖ, ಜೇಬಿಗೆ ಕಷ್ಟ, ಬಿಟ್ಟೆ. ರಿಟರ್ನ್‌ಗೆ ನಾಲ್ಕೈದು ಮೀಟರ್ ಹಿಂದೆ ನಿಲ್ಲುವುದು ಕ್ಲೇ (ಮಣ್ಣಿನ ಕೋರ್ಟ್) ಮೇಲೆ ಭರ್ಜರಿಯಾಗಿ ಕೆಲಸ ಮಾಡಿತು. ಹಾರ್ಡ್ ಕೋರ್ಟ್‌ನಲ್ಲಿ ಎಡಗೈಯವರು ಅಗಲಕ್ಕೆ ಸ್ಲೈಸ್ ಹೊಡೆದು ಓಡಿಸಿದರು, ಆದ್ದರಿಂದ ಅಲ್ಲಿ ಈಗಲೂ ಮುಂದೆಯೇ ನಿಲ್ಲುತ್ತೇನೆ.

ಮೊದಲು ಎಂ15ಕ್ಕಿಂತ ಒಂದು ಮೆಟ್ಟಿಲು ಮೇಲಿನ ಒಂದು ಎಂ25 ಗೆದ್ದೆ. ಆಮೇಲೆ ಚಾಲೆಂಜರ್ ಸೆಮಿಫೈನಲ್, ಮರುವರ್ಷ ಎತ್ತರದ ಊರೊಂದರಲ್ಲಿ ಫೈನಲ್. ಚಾಲೆಂಜರ್ ಮುಖ್ಯ ಸುತ್ತಿನಲ್ಲಿ ಹೋಟೆಲ್ ಖರ್ಚು ಆಯೋಜಕರದ್ದೇ, ಅಲ್ಲಿಂದಲೇ ಖರ್ಚಿನ ಲೆಕ್ಕ ತಿರುಗಿತು. ಸ್ಲಾಮ್‌ನಲ್ಲಿ ಮೊದಲ ಪಂದ್ಯ ಗೆದ್ದೆ, ಎರಡನೆಯದನ್ನು ಮೂರನೇ ಸೆಟ್‌ನ 10 ಅಂಕದ ಟೈಬ್ರೇಕ್‌ನಲ್ಲಿ ಕಳೆದುಕೊಂಡೆ. ಆ ಒಂದು ವಾರದ ಚೆಕ್ ನನ್ನ ಹಳೆಯ ಮೂರು ವರ್ಷದ ಗಳಿಕೆಗೆ ಸಮ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೇ 35 ಸಾವಿರ ಆಸ್ಟ್ರೇಲಿಯನ್ ಡಾಲರ್ ಇತ್ತು ಅಂದರೆ ಲೆಕ್ಕ ಹಾಕಿ. ಮೊದಲ 250ರೊಳಗೆ ಇದ್ದರೆ ಎಟಿಪಿಯ ಕನಿಷ್ಠ ಆದಾಯದ ಯೋಜನೆಯೂ ಇದೆ.

ಆ ದುಡ್ಡಿನಲ್ಲಿ ಈ ವರ್ಷ ಅರ್ಧ ಸೀಸನ್‌ಗೆ ಒಬ್ಬ ಫಿಸಿಯೊ ಇಟ್ಟುಕೊಂಡಿದ್ದೇನೆ. ಕೋಚ್ ಬೇಡವಾ ಅಂತ ಮತ್ತೆ ಎಲ್ಲರೂ ಕೇಳುತ್ತಿದ್ದಾರೆ. ಸದ್ಯಕ್ಕೆ ನನಗೆ ಬೆನ್ನು ಮುಖ್ಯ. ಫೈನಲ್‌ನ ಅಂಕಗಳು ವರ್ಷ ತುಂಬಿ ಕ್ಲೇ ಸೀಸನ್ ಶುರುವಾಗುವ ಮೊದಲೇ ಉದುರುತ್ತವೆ, ಹಾಗಾಗಿ ಅದೇ ಊರಿಗೆ ಈ ಸಲ ಹತ್ತು ದಿನ ಮುಂಚೆ ಹೋಗುತ್ತಿದ್ದೇನೆ.