ಮರೆವಿನ ಕಾಯಿಲೆ, ತಲೆಯ ಪೆಟ್ಟು: ಸರ್ಕಾರದ ನೆರವು ಪಡೆಯುವುದು ಹೇಗೆ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಹಿರಿಯರೊಬ್ಬರು ದಿನವೂ ನಡೆದ ದಾರಿಯಲ್ಲೇ ಮನೆ ತಪ್ಪಿದರೂ, ಉಂಡ ಅರ್ಧ ಗಂಟೆಗೆ ‘ಊಟ ಹಾಕಲಿಲ್ಲ’ ಎಂದು ಮುನಿಸಿಕೊಂಡರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಾಗುತ್ತೇವೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಆಸ್ಪತ್ರೆಗೆ ಹೊತ್ತೊಯ್ಯುತ್ತೇವೆ ನಿಜ, ಆದರೆ ಹೊಲಿಗೆ ಬಿಚ್ಚಿ ಮನೆಗೆ ಕಳುಹಿಸಿದ ದಿನವೇ ಎಲ್ಲ ಮುಗಿಯಿತೆಂದು ಭಾವಿಸುತ್ತೇವೆ. ಇಬ್ಬರ ಮನೆಯಲ್ಲೂ ನಿಜವಾದ ಖರ್ಚು ಶುರುವಾಗುವುದು ಅಲ್ಲಿಂದ ಮುಂದೆ. ಯಾರೋ ಒಬ್ಬರು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತದೆ.

ಕರ್ನಾಟಕದಲ್ಲಿ ಇಂಥ ಕುಟುಂಬಗಳಿಗೆ ಸರ್ಕಾರದ ಹಣ ಇಲ್ಲವೆಂದಲ್ಲ. ಅದು ಆರೋಗ್ಯ ಇಲಾಖೆ, ಕಂದಾಯ ಇಲಾಖೆ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳ ನಡುವೆ ಹಂಚಿಹೋಗಿದೆ. ಮರೆವಿನ ಕಾಯಿಲೆಗೆ ವೈದ್ಯರು ಹೇಳುವ ‘ಡಿಮೆನ್ಷಿಯಾ’ ಎಂಬ ಹೆಸರಿನ ಅರ್ಜಿ ನಮೂನೆಯನ್ನು ಹುಡುಕಿಕೊಂಡು ನಾಡಕಚೇರಿಗೆ ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಚಿಕಿತ್ಸೆಯ ಹಂತ ದಾಟಿದ ಮೇಲೆ ಕಚೇರಿಗಳು ನೋಡುವುದು ಆ ಕಾಯಿಲೆಯಿಂದ ವ್ಯಕ್ತಿಗೆ ಏನೇನು ಮಾಡಲಾಗುತ್ತಿಲ್ಲ ಎಂಬುದನ್ನು. ಅದನ್ನು ಕಾಗದದ ಮೇಲೆ ಸರಿಯಾಗಿ ಬರೆಸಿಕೊಳ್ಳುವುದೇ ಇಡೀ ಪ್ರಕ್ರಿಯೆಯ ಜೀವಾಳ. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದ ಓದಬೇಕು.

ಮೊದಲು ರೋಗನಿರ್ಣಯ

ಮರೆವು ಕಂಡವರನ್ನು ಮೊದಲು ಸರ್ಕಾರಿ ಆಸ್ಪತ್ರೆಗೇ ಕರೆದೊಯ್ಯುವುದು ಒಳ್ಳೆಯದು. ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವು ತಲೆನೋವು, ಅಪಸ್ಮಾರ, ಪಾರ್ಶ್ವವಾಯುಗಳ ಜೊತೆಗೆ ಡಿಮೆನ್ಷಿಯಾವನ್ನೂ ಒಳಗೊಂಡಿದೆ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಮಿದುಳು ಆರೋಗ್ಯ ಕ್ಲಿನಿಕ್‌ಗಳು ನಂತರ ಜಿಲ್ಲಾ ಆಸ್ಪತ್ರೆಗಳಿಗೆ ವಿಸ್ತರಿಸಿದವು. ಜಿಲ್ಲಾ ಕೇಂದ್ರ ದೂರವಾಗುವವರಿಗೆ ‘ಮನೋಚೈತನ್ಯ’ ಕಾರ್ಯಕ್ರಮವಿದೆ: ಇದರಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಬಳಿ ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮರೆವೆಲ್ಲವೂ ಡಿಮೆನ್ಷಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ತಿಂಗಳ ಹಿಂದೆ ಜಾರಿ ಬಿದ್ದಾಗ ತಲೆಯೊಳಗೆ ನಿಧಾನವಾಗಿ ಶೇಖರವಾದ ರಕ್ತ, ಇವೂ ಅಂಥದೇ ಚಹರೆ ತೋರುತ್ತವೆ ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ಮಾಸಾಶನಕ್ಕೆ ಅರ್ಜಿ ಹಾಕುವ ಆತುರದಲ್ಲಿ ರಕ್ತಪರೀಕ್ಷೆಯನ್ನೂ ಸ್ಕ್ಯಾನನ್ನೂ ಯಾರೂ ಬಿಡಬಾರದು.

ಅಪಘಾತವಾದರೆ ಮೊದಲ ವಾರ

ತಲೆಯ ಪೆಟ್ಟಿನ ವಿಷಯದಲ್ಲಿ ಹಣದ ಪ್ರಶ್ನೆ ಮೊದಲ ಗಂಟೆಯಲ್ಲೇ ಎದುರಾಗುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ನಗದುರಹಿತವಾಗಿ ಕೊಡುವ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ಯನ್ನು ಕರ್ನಾಟಕ 2016ರಲ್ಲಿಯೇ ತಂದಿತ್ತು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ, ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ಅಪಘಾತವಾದ ದಿನದಿಂದ 7 ದಿನಗಳವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಇದಕ್ಕೆ ಪೊಲೀಸರ ದೃಢೀಕರಣ ಬೇಕಾಗುವುದರಿಂದ, ಸಣ್ಣ ಅಪಘಾತವೆಂದು ದೂರು ಕೊಡದೆ ರಾಜಿಯಾಗುವುದು ಮುಂದೆ ಬಹಳ ದುಬಾರಿಯಾಗುತ್ತದೆ. ಪರಿಹಾರದ ದಾವೆಗೂ ಎಫ್‌ಐಆರ್ ಮತ್ತು ಗಾಯದ ಪ್ರಮಾಣಪತ್ರವೇ ತಳಹದಿ. ಗುದ್ದಿದ ವಾಹನ ಯಾವುದೆಂದು ಪತ್ತೆಯೇ ಆಗದಿದ್ದರೂ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ಕೊಡುವ ಯೋಜನೆ 2022ರಿಂದ ಜಾರಿಯಲ್ಲಿದೆ.

ಆಸ್ಪತ್ರೆಯಲ್ಲಿ ಮುಂದುವರಿಯುವ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸಲಾಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟನ್ನು ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸರ್ಕಾರ ಕೊಡುತ್ತದೆ. ತುರ್ತು ಚಿಕಿತ್ಸೆಗಳನ್ನು ಬಿಟ್ಟು ಉಳಿದವಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋದರೆ ಈ ಸೌಲಭ್ಯ ತಪ್ಪಿಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಆಸರೆಯಾಗುವ ಈ ಯೋಜನೆ, ತಿಂಗಳುಗಟ್ಟಲೆ ಮನೆಯಲ್ಲಿ ನಡೆಯಬೇಕಾದ ಆರೈಕೆಯ ಖರ್ಚನ್ನು ಮುಟ್ಟುವುದಿಲ್ಲ. ಅಲ್ಲಿಂದ ಮುಂದಿನ ದಾರಿ ತೆರೆಯುವುದು ಅಂಗವೈಕಲ್ಯ ಪ್ರಮಾಣಪತ್ರ.

ಪ್ರಮಾಣಪತ್ರ: ಹೆಚ್ಚು ಎಚ್ಚರ ಬೇಕಾದ ಹೆಜ್ಜೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರಲ್ಲಿ ಡಿಮೆನ್ಷಿಯಾ ಎಂಬ ಪದವಾಗಲಿ ಮಿದುಳಿನ ಪೆಟ್ಟು ಎಂಬ ಪದವಾಗಲಿ ಪ್ರತ್ಯೇಕ ಶೀರ್ಷಿಕೆಯಾಗಿ ಇಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಡಿಮೆನ್ಷಿಯಾ ಇರುವವರನ್ನು ಸಾಮಾನ್ಯವಾಗಿ ಮಾನಸಿಕ ಅಸ್ವಸ್ಥತೆಯ ವಿಭಾಗದಡಿ ‘ಐಡಿಯಾಸ್’ ಎಂಬ ಅಳತೆಪಟ್ಟಿಯಿಂದ ಅಳೆಯುತ್ತಾರೆ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ತಲಾ 0ಯಿಂದ 4ರವರೆಗೆ ಅಂಕ ಕೊಟ್ಟು, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೂ ಅಂಕ ಸೇರಿಸುತ್ತಾರೆ. ಒಟ್ಟು 7 ಮುಟ್ಟಿದರೆ ವೈಕಲ್ಯ ಶೇ 40 ಎಂದಾಗುತ್ತದೆ, ಸರ್ಕಾರದ ಹೆಚ್ಚಿನ ಸೌಲಭ್ಯಗಳಿಗೆ ಅದೇ ಹೊಸ್ತಿಲು.

ಈ ಅಂಕಗಳು ಹುಟ್ಟುವುದು ಕೆಲವೇ ನಿಮಿಷಗಳ ಭೇಟಿಯಲ್ಲಿ. ನನ್ನ ದೊಡ್ಡಪ್ಪನವರನ್ನು ಹೀಗೆ ಕರೆದೊಯ್ದ ದಿನ ದೊಡ್ಡಮ್ಮ ಅವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿ ಕಳುಹಿಸಿದ್ದರು. ಮೇಷ್ಟರಾಗಿದ್ದವರು, ವೈದ್ಯರಿಗೆ ಕೈಮುಗಿದು ಹೆಸರು, ಊರು, ಕೆಲಸ ಮಾಡಿದ ಶಾಲೆಗಳನ್ನು ಠೀವಿಯಿಂದಲೇ ಹೇಳಿದರು. ಆ ಅಂಗಿಯ ಗುಂಡಿಗಳನ್ನು ಹಾಕಿದ್ದು ಬೇರೆಯವರು, ಹಿಂದಿನ ರಾತ್ರಿ ಅವರು ಬಚ್ಚಲುಮನೆಯೆಂದು ದೇವರಕೋಣೆಗೆ ಹೋಗಿದ್ದರು ಎಂಬುದನ್ನು ನಾವು ಯಾರೂ ಅವರೆದುರು ಬಾಯಿಬಿಟ್ಟು ಹೇಳಲಿಲ್ಲ. ಅವರ ಮರ್ಯಾದೆ ಉಳಿಸಬೇಕೆಂಬ ಸಂಕೋಚ ನಮಗೆ. ಪ್ರಮಾಣಪತ್ರದಲ್ಲಿ ಶೇ 40ಕ್ಕಿಂತ ಕಡಿಮೆ ಬಂತು.

ಎರಡನೆಯ ಸಲ ನಾವು ಒಂದು ನೋಟ್‌ಬುಕ್ ಒಯ್ದೆವು, ಎಲ್ಲರಿಗೂ ನಾನು ಹೇಳುವುದು ಇದನ್ನೇ. ಭೇಟಿಗೆ ಮುಂಚಿನ ಒಂದು ತಿಂಗಳು ದಿನಕ್ಕೆ ಎರಡು ಸಾಲು ಬರೆದಿಡಿ: ಸ್ನಾನಕ್ಕೆ ಯಾರು ನೆರವಾದರು, ಬಟ್ಟೆಯಲ್ಲಿ ಎಷ್ಟು ಸಲ ಆಯಿತು, ಮಗಳನ್ನು ಏನೆಂದು ಕರೆದರು, ಹಣದ ಲೆಕ್ಕ ಎಲ್ಲಿ ತಪ್ಪಿತು, ರಾತ್ರಿ ಎಷ್ಟು ಬಾರಿ ಎದ್ದರು. ಅಳತೆಪಟ್ಟಿಯ ನಾಲ್ಕು ವಿಷಯಗಳೂ ಈ ಸಾಲುಗಳಲ್ಲಿ ತಾವಾಗಿ ಬಂದುಬಿಡುತ್ತವೆ. ಹಿರಿಯರ ಎದುರು ಹೇಳಲು ಮನಸ್ಸು ಒಪ್ಪದಿದ್ದರೆ ಆ ಪುಟಗಳನ್ನು ವೈದ್ಯರ ಕೈಗೆ ಕೊಡಬಹುದು.

ತಲೆಗೆ ಪೆಟ್ಟಾದವರ ಲೆಕ್ಕಾಚಾರ ಬೇರೆ. ಕೈಕಾಲಿನ ಬಲ ಹೋಗಿದ್ದರೆ ಅದು ಚಲನವೈಕಲ್ಯ, ಮಾತು ಹೋಗಿದ್ದರೆ ಮಾತು ಮತ್ತು ಭಾಷೆಯ ವೈಕಲ್ಯ, ಸಿಟ್ಟು, ಗೊಂದಲ, ಮರೆವು ಉಳಿದಿದ್ದರೆ ಅದಕ್ಕೆ ಮನೋವೈದ್ಯರ ಮೌಲ್ಯಮಾಪನ. ಹೆಚ್ಚಿನವರು ಕಣ್ಣಿಗೆ ಕಾಣುವ ಕೈಕಾಲನ್ನಷ್ಟೇ ತೋರಿಸಿ ಬರುತ್ತಾರೆ. ಒಂದಕ್ಕಿಂತ ಹೆಚ್ಚು ವೈಕಲ್ಯವಿದ್ದಾಗ ಅವನ್ನು ಒಟ್ಟುಗೂಡಿಸಲು ನಿಯಮದಲ್ಲಿ ಸೂತ್ರವಿದೆ. ಅದರ ಪ್ರಕಾರ ಶೇ 30ರ ಎರಡು ವೈಕಲ್ಯಗಳು ಸೇರಿದರೆ ಶೇ 50 ಆಗುತ್ತದೆ. ಬಿಡಿಬಿಡಿಯಾಗಿ ಹೊಸ್ತಿಲು ದಾಟದ ವ್ಯಕ್ತಿ ಒಟ್ಟಾಗಿ ದಾಟುತ್ತಾನೆ. ಆದ್ದರಿಂದ ಪ್ರತಿಯೊಂದು ತೊಂದರೆಯನ್ನೂ ಆಯಾ ತಜ್ಞರಿಂದ ಅಳೆಸಬೇಕೆಂದು ಮೊದಲ ದಿನವೇ ಕೇಳಿಕೊಳ್ಳಬೇಕು. ಅರ್ಜಿಯನ್ನು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ‘ಸ್ವಾವಲಂಬನ್’ನಲ್ಲಿ ಸಲ್ಲಿಸಬೇಕು. ಹಳ್ಳಿಗಳಲ್ಲಿ ಇದಕ್ಕೆ ನೆರವಾಗಲೆಂದೇ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಜನ ಅವರನ್ನು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದು ಕರೆಯುತ್ತಾರೆ. ಸ್ವತಃ ವಿಕಲಚೇತನರಾದ ಈ ಕಾರ್ಯಕರ್ತರಷ್ಟು ಕಚೇರಿಯ ಒಳದಾರಿ ಬಲ್ಲವರು ವಿರಳ.

ಮಾಸಾಶನ

ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕದೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅಂಗವಿಕಲ ಮಾಸಾಶನವು ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ 1,400 ರೂಪಾಯಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 1,200 ರೂಪಾಯಿ ಬರುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಈಗಾಗಲೇ ಸಂಧ್ಯಾ ಸುರಕ್ಷಾ ಪಡೆಯುತ್ತಿರುವ ಹಿರಿಯರಿಗೆ ಶೇ 60ರ ಪ್ರಮಾಣಪತ್ರ ಸಿಕ್ಕಿತೆಂದು ಮಾಸಾಶನ ಬದಲಿಸಿದರೆ ತಿಂಗಳಿಗೆ 400 ರೂಪಾಯಿ ನಷ್ಟ. ಶೇ 75 ಮೀರಿದಾಗ ಮಾತ್ರ ಬದಲಾವಣೆಯಲ್ಲಿ ಅರ್ಥವಿದೆ.

ಅರ್ಜಿ ಕೊಟ್ಟಾಗ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ‘ಸಕಾಲ’ ವ್ಯವಸ್ಥೆಯ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರ ಮೇಲಿನ 15 ಅಂಕಿಯ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಎಲ್ಲಿದೆಯೆಂದು ಪತ್ತೆ ಹಚ್ಚುವುದು ಕಷ್ಟ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಹಕ್ಕಿದೆ.

ಆರೈಕೆ ಮಾಡುವವರ ವಿಷಯಕ್ಕೆ ಬಂದರೆ, 2024–25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಲಾಯಿತು. ಆ ಘೋಷಣೆಯಲ್ಲಿ ಡಿಮೆನ್ಷಿಯಾ ಇರಲಿಲ್ಲ. ಹಗಲಿರುಳು ಕಣ್ಣಿಟ್ಟು ಕಾಯಬೇಕಾದ ಕಾಯಿಲೆಯೇ ಹೊರಗುಳಿದದ್ದು ದೊಡ್ಡ ಕೊರತೆ, ಅದನ್ನು ಸೇರಿಸಬೇಕೆಂಬ ಮನವಿ ಜಿಲ್ಲೆ ಜಿಲ್ಲೆಯಿಂದ ಹೋಗಬೇಕು. ಪಾರ್ಕಿನ್ಸನ್ಸ್ ಜೊತೆಗೇ ಮರೆವು ಬಂದಿರುವವರ ಮನೆಯವರು ಮಾತ್ರ ವೈದ್ಯರ ಚೀಟಿಯಲ್ಲಿ ಪಾರ್ಕಿನ್ಸನ್ಸ್ ಹೆಸರು ಬಿಟ್ಟುಹೋಗದಂತೆ ನೋಡಿಕೊಂಡು, ಈ ಭತ್ಯೆಯ ಬಗ್ಗೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಪಂಚಾಯಿತಿಯ ಶೇ 5

ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಗಾಲಿಕುರ್ಚಿ, ನೀರುಹಾಸಿಗೆ, ಕಮೋಡ್ ಕುರ್ಚಿಯಂಥ ವಸ್ತುಗಳಿಗೆ ಪಿಡಿಒ ಅವರಿಗೆ ಲಿಖಿತ ಅರ್ಜಿ ಕೊಟ್ಟು, ಗ್ರಾಮಸಭೆಯಲ್ಲಿ ಅದನ್ನು ಓದಿಸಿ ನಡಾವಳಿಯಲ್ಲಿ ಸೇರಿಸಬೇಕು.

ಸಹಿ ಮಾಡುವ ಶಕ್ತಿ ಇರುವಾಗಲೇ

ಬ್ಯಾಂಕ್ ಖಾತೆಯನ್ನು ಜಂಟಿ ಮಾಡುವುದು, ಆಧಾರ್‌ನ ಬೆರಳಚ್ಚು ನವೀಕರಿಸುವುದು, ನಾಮನಿರ್ದೇಶನ ಸರಿಪಡಿಸುವುದು, ಇವನ್ನು ಕಾಯಿಲೆಯ ಆರಂಭದಲ್ಲೇ, ಹಿರಿಯರಿಗೆ ತಿಳಿಸಿ ಅವರ ಒಪ್ಪಿಗೆಯಿಂದ ಮುಗಿಸಬೇಕು. ಮುಖ್ತ್ಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿದರೆ ಸಾಕೆಂಬ ನಂಬಿಕೆ ಹಲವರಲ್ಲಿದೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ ಪ್ರಕಾರ ಅದು ಊರ್ಜಿತವಾಗಿ ಉಳಿಯುವುದಿಲ್ಲ. ಆ ಹಂತ ದಾಟಿದ್ದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ ಅಡಿ ಸೀಮಿತ ಪಾಲಕರ ನೇಮಕಕ್ಕೆ ಜಿಲ್ಲಾ ನ್ಯಾಯಾಲಯವನ್ನು ಕೇಳಿಕೊಳ್ಳಬಹುದು. ಅಂಗವೈಕಲ್ಯವಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ದೊರೆಯುತ್ತದೆ.

ಕೊನೆಯದಾಗಿ, ಪ್ರಮಾಣಪತ್ರ ಕೈಗೆ ಬಂದ ದಿನ ಅದರ ಕೆಳಭಾಗವನ್ನು ಓದಿ. ತಲೆಯ ಪೆಟ್ಟಿನಿಂದ ಚೇತರಿಕೆಯ ನಿರೀಕ್ಷೆಯಿದ್ದಾಗ ಅದನ್ನು ಇಂತಿಷ್ಟು ವರ್ಷಕ್ಕೆಂದು ತಾತ್ಕಾಲಿಕವಾಗಿ ಕೊಡುತ್ತಾರೆ, ಅವಧಿ ಮುಗಿದರೆ ಮಾಸಾಶನಕ್ಕೂ ತೊಡಕಾಗುತ್ತದೆ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಮೂರು ತಿಂಗಳು ಮುಂಚೆಯೇ ನೋಟ್‌ಬುಕ್ಕನ್ನು ಮತ್ತೆ ಬರೆಯಲು ಆರಂಭಿಸಬೇಕು.