ಡೇ ಟ್ರೇಡಿಂಗೋ, ದೀರ್ಘಾವಧಿಯೋ? ಮೊದಲು ನಿಮ್ಮ ದಿನಚರಿ ನೋಡಿ

ಮೀಟಿಂಗ್ ನಡೆಯುತ್ತಿದೆ. ಎದುರಿಗಿರುವವರು ಏನೋ ವಿವರಿಸುತ್ತಿದ್ದಾರೆ. ನಿಮ್ಮ ಕಣ್ಣು ಮಾತ್ರ ಮೇಜಿನ ಕೆಳಗೆ, ತೊಡೆಯ ಮೇಲಿಟ್ಟ ಮೊಬೈಲಿನಲ್ಲಿ. ಐದು ನಿಮಿಷದ ಹಿಂದೆ ಹಸಿರಿದ್ದ ಷೇರಿನ ಅಂಕಿ ಈಗ ಕೆಂಪು. ಮಾರಿಬಿಡೋಣ ಅನ್ನುವಷ್ಟರಲ್ಲಿ ‘ನೀವೇನಂತೀರಿ?’ ಎಂಬ ಪ್ರಶ್ನೆ ನಿಮ್ಮತ್ತ ಬರುತ್ತದೆ. ತಡಬಡಾಯಿಸಿ ಉತ್ತರ ಕೊಟ್ಟು ಮುಗಿಸುವ ಹೊತ್ತಿಗೆ ಬೆಲೆ ಇನ್ನಷ್ಟು ಇಳಿದಿರುತ್ತದೆ. ನಾನೂ ಹೀಗೆ ಕೆಲವು ತಿಂಗಳು ಕಳೆದವನೇ. ಷೇರು ಆರಿಸುವಾಗ ಬೇಕಾದಷ್ಟು ತಲೆ ಓಡಿಸಿದ್ದೆ. ನನ್ನ ದಿನಚರಿಗೆ ಇದು ಹೊಂದುತ್ತದೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕೊಂಡದ್ದನ್ನು ಅದೇ ದಿನ, ಮಾರುಕಟ್ಟೆ ಮುಚ್ಚುವುದರೊಳಗೆ ಮಾರಿ ಲೆಕ್ಕ ಮುಗಿಸುವುದು ಡೇ ಟ್ರೇಡಿಂಗ್ ಅಥವಾ ಇಂಟ್ರಾಡೇ. ಕೆಲವು ದಿನಗಳಿಂದ ಕೆಲವು ವಾರ ಇಟ್ಟುಕೊಂಡರೆ ಸ್ವಿಂಗ್, ತಿಂಗಳುಗಟ್ಟಲೆ ಇಟ್ಟುಕೊಂಡರೆ ಪೊಸಿಷನಲ್. ಇವುಗಳಲ್ಲಿ ಯಾವುದು ನಿಮ್ಮ ಬದುಕಿಗೆ ಹೊಂದುತ್ತದೆ ಎಂದು ತಿಳಿಯಲು ಹೀಗೆ ಮಾಡಿ.

1. ಒಂದು ವಾರದ ಗಡಿಯಾರ ಬರೆಯಿರಿ

ಮಾರುಕಟ್ಟೆ ತೆರೆದಿರುವ ಗಂಟೆಗಳಲ್ಲಿ ನೀವು ಎಲ್ಲಿರುತ್ತೀರಿ, ಏನು ಮಾಡುತ್ತಿರುತ್ತೀರಿ ಎಂದು ಒಂದು ವಾರ ಬರೆದಿಡಿ. ಬಿಡುವಿನ ಒಟ್ಟು ಗಂಟೆಗಳ ಲೆಕ್ಕ ಇಲ್ಲಿ ಸಾಲದು, ಯಾರೂ ಕರೆಯದ ಗಂಟೆ ಎಷ್ಟು ಎನ್ನುವುದೇ ಮುಖ್ಯ. ಸಾಮಾನ್ಯವಾಗಿ ದಿನದ ಮೊದಲ ಒಂದು ಗಂಟೆ ಮತ್ತು ಕೊನೆಯ ಒಂದು ಗಂಟೆಯಲ್ಲೇ ವಹಿವಾಟು ಜೋರು. ಇಂಟ್ರಾಡೇ ಮಾಡುವವರ ಕೆಲಸವೂ ಹೆಚ್ಚಾಗಿ ಆಗಲೇ. ಆ ಹೊತ್ತಿನಲ್ಲಿ ಮಗುವನ್ನು ಶಾಲೆಗೆ ಬಿಡುವುದಿದ್ದರೆ, ಆಫೀಸಿನಲ್ಲಿ ಮೀಟಿಂಗ್ ಇದ್ದರೆ, ಉಳಿದ ನಾಲ್ಕು ಗಂಟೆ ಬಿಡುವಿದ್ದೂ ಹೆಚ್ಚು ಉಪಯೋಗವಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಪೂರ್ಣಾವಧಿ ನೌಕರಿಯಲ್ಲಿರುವವರಿಗೆ, ಕೆಲಸದ ವೇಳೆಯಲ್ಲೇ ಮಾರುಕಟ್ಟೆಯೂ ತೆರೆದಿರುವುದಾದರೆ, ಇಂಟ್ರಾಡೇ ಬೇಡ. ಬಾತ್‌ರೂಮಿಗೆ ಹೋಗಿ ಆರ್ಡರ್ ಹಾಕುವವರನ್ನು ನೋಡಿದ್ದೇನೆ. ಹಾಗೆ ಹಾಕಿದವರಲ್ಲಿ ನಾನೂ ಒಬ್ಬ.

2. ರಾತ್ರಿಯ ಪರೀಕ್ಷೆ

ಇಲ್ಲಿ ಒಂದು ತಮಾಷೆ ಇದೆ. ಡೇ ಟ್ರೇಡರ್ ಹಗಲನ್ನು ಒತ್ತೆ ಇಡುತ್ತಾನೆ, ಸ್ವಿಂಗ್ ಟ್ರೇಡರ್ ರಾತ್ರಿಯನ್ನು. ಇಂಟ್ರಾಡೇ ಮಾಡುವವನ ಕೈಯಲ್ಲಿ ಮಾರುಕಟ್ಟೆ ಮುಚ್ಚಿದ ಮೇಲೆ ಏನೂ ಉಳಿದಿರುವುದಿಲ್ಲ. ರಾತ್ರೋರಾತ್ರಿ ಎಂಥ ಸುದ್ದಿ ಬಂದರೂ ಅವನಿಗೆ ನಷ್ಟವಿಲ್ಲ. ಸ್ವಿಂಗ್ ಮಾಡುವವನು ಹಗಲಿಡೀ ನಿರಾಳ, ಸಂಜೆ ಅರ್ಧ ಗಂಟೆ ಚಾರ್ಟ್ ನೋಡಿದರೆ ಸಾಕು. ಆದರೆ 100ಕ್ಕೆ ಕೊಂಡು 95ಕ್ಕೆ ಸ್ಟಾಪ್ ಲಾಸ್ (ಬೆಲೆ ಅಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್) ಇಟ್ಟ ಷೇರು, ರಾತ್ರಿ ಬಂದ ಕೆಟ್ಟ ಸುದ್ದಿಯಿಂದ ಬೆಳಗ್ಗೆ ನೇರ 88ಕ್ಕೇ ತೆರೆಯಬಹುದು. ಇದನ್ನೇ ಗ್ಯಾಪ್ ಡೌನ್ ಅನ್ನುವುದು. ನಡುವಿನ ಬೆಲೆಗಳಲ್ಲಿ ವಹಿವಾಟೇ ಆಗಿಲ್ಲದ ಕಾರಣ ಸ್ಟಾಪ್ ಲಾಸ್ ಇದ್ದರೂ ನಿಮ್ಮ ಷೇರು 88ರ ಆಸುಪಾಸಿನಲ್ಲೇ ಮಾರಾಟವಾಗುತ್ತದೆ. 5 ಹೋಗಬೇಕಾದಲ್ಲಿ 12 ಹೋಯಿತು.

ಹಾಗಾಗಿ ಸಣ್ಣ ಮೊತ್ತದಲ್ಲಿ ಒಂದು ಷೇರು ಕೊಂಡು ಎರಡು ವಾರ ಇಟ್ಟುಕೊಳ್ಳಿ. ನಡುರಾತ್ರಿ ಎಚ್ಚರವಾದಾಗ ಕೈ ಮೊಬೈಲಿನತ್ತ ಹೋಗುತ್ತದೆಯೇ? ಹೋದರೆ ಮೊತ್ತ ಅರ್ಧ ಮಾಡಿ ಮತ್ತೆ ನೋಡಿ. ಎಷ್ಟಕ್ಕೆ ಇಳಿಸಿದಾಗ ನಿದ್ದೆ ಬರುತ್ತದೋ ಸದ್ಯಕ್ಕೆ ಅದೇ ನಿಮ್ಮ ಅಳತೆ.

3. ಖರ್ಚನ್ನು ವರ್ಷಕ್ಕೆ ಹಿಗ್ಗಿಸಿ

ಬ್ರೋಕರೇಜ್, ತೆರಿಗೆ, ಶುಲ್ಕ, ನೀವು ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ, ಇವೆಲ್ಲ ಸೇರಿ ಒಂದು ಸಲ ಕೊಂಡು ಮಾರಲು ಶೇ 0.1 ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಬಾರದ ಮೊತ್ತ ಅನಿಸುತ್ತದೆ. ಇಡೀ ಬಂಡವಾಳ ಹಾಕಿ ದಿನಕ್ಕೆ ಎರಡು ಸಲ, ವರ್ಷಕ್ಕೆ 250 ದಿನ ಹೀಗೆ ಮಾಡಿದರೆ ಬಂಡವಾಳದ ಶೇ 50ರಷ್ಟು ಖರ್ಚಿಗೇ ಹೋಯಿತು! ಅಷ್ಟು ದುಡಿದ ಮೇಲೆ ನಿಮ್ಮ ಲಾಭ ಶುರು. ತಿಂಗಳಿಗೆ ಎರಡು ಸಲ ಮಾತ್ರ ಮಾಡುವವನಿಗೆ ಇದೇ ಖರ್ಚು ವರ್ಷಕ್ಕೆ ಶೇ 2.4.

ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡಿಯನ್ ಎಂಬ ಸಂಶೋಧಕರು 1991ರಿಂದ 1996ರವರೆಗೆ ಅಮೆರಿಕದ 66,465 ಕುಟುಂಬಗಳ ಖಾತೆಗಳನ್ನು ಪರಿಶೀಲಿಸಿದ್ದರು. ಅತಿ ಹೆಚ್ಚು ವಹಿವಾಟು ಮಾಡಿದವರ ವಾರ್ಷಿಕ ಗಳಿಕೆ ಶೇ 11.4. ಅದೇ ಅವಧಿಯಲ್ಲಿ ಮಾರುಕಟ್ಟೆ ಕೊಟ್ಟದ್ದು ಶೇ 17.9. ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಡೇ ಟ್ರೇಡಿಂಗ್ ಶುರು ಮಾಡಿದವರ ಅಧ್ಯಯನ ಇನ್ನೂ ಕಟು: 300 ದಿನಕ್ಕಿಂತ ಹೆಚ್ಚು ಪಟ್ಟುಹಿಡಿದು ಮಾಡಿದವರಲ್ಲೂ ಶೇ 97ರಷ್ಟು ಮಂದಿ ಹಣ ಕಳೆದುಕೊಂಡಿದ್ದರು. ‘ಮಾಡ್ತಾ ಮಾಡ್ತಾ ಬರುತ್ತೆ’ ಎಂದು ಧೈರ್ಯ ಹೇಳುವವರಿಗೆ ಈ ಅಂಕಿ ತೋರಿಸಿ.

4. ಒಂದು ಸಲಕ್ಕೆ ಎಷ್ಟು ಹೋಗಬಹುದು ಎಂದು ಮೊದಲೇ ಗೆರೆ ಹಾಕಿ

ಬಹಳ ಮಂದಿ ಅನುಭವಿಗಳು ಪಾಲಿಸುವ ಮಿತಿ ಬಂಡವಾಳದ ಶೇ 1. ಬಂಡವಾಳ 1,00,000 ಇದ್ದರೆ ಒಂದು ಟ್ರೇಡ್‌ನಲ್ಲಿ ಹೋಗಬಹುದಾದದ್ದು 1,000. ಸ್ಟಾಪ್ ಲಾಸ್ ಶೇ 2ರಷ್ಟು ಕೆಳಗಿದ್ದರೆ 50,000ದಷ್ಟು ಕೊಳ್ಳಬಹುದು, ಶೇ 10ರಷ್ಟು ಕೆಳಗಿದ್ದರೆ 10,000ದಷ್ಟು ಮಾತ್ರ. ಹೆಚ್ಚು ದಿನ ಇಟ್ಟುಕೊಳ್ಳುವವರು ಸ್ಟಾಪ್ ಲಾಸನ್ನು ದೂರ ಇಡಬೇಕಾಗುತ್ತದೆ, ಆದ್ದರಿಂದ ಮೊತ್ತ ತಾನಾಗಿ ಚಿಕ್ಕದಾಗುತ್ತದೆ. ಇಂಟ್ರಾಡೇಯಲ್ಲಿ ಬ್ರೋಕರ್ ಕೊಡುವ ಮಾರ್ಜಿನ್ ಸೌಲಭ್ಯ, ಅಂದರೆ ಸಾಲ, ಈ ಲೆಕ್ಕವನ್ನೆಲ್ಲ ಮರೆಸುತ್ತದೆ. ಸಾಲದ ಬಲದಲ್ಲಿ ನಿಮ್ಮ ಹಣದ ಐದು ಪಟ್ಟು ಮೊತ್ತಕ್ಕೆ ಕೊಂಡ ಷೇರು ಶೇ 4 ಇಳಿದರೆ ನಿಮ್ಮ ಹಣದಲ್ಲಿ ಶೇ 20 ಕರಗಿತು. ಅದನ್ನು ಮರಳಿ ಪಡೆಯಲು ಉಳಿದದ್ದರ ಮೇಲೆ ಶೇ 25 ಗಳಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತಿದೆ, ಇಲ್ಲಿ ಹಾಸಿಗೆಯೇ ಎರವಲು.

ದಿನದ ನಷ್ಟಕ್ಕೂ ಮಿತಿ ಇರಲಿ. ಅದು ದಾಟಿದ ತಕ್ಷಣ ಸ್ಕ್ರೀನ್ ಮುಚ್ಚಿ. ಕಳೆದದ್ದನ್ನು ಕಳೆದಲ್ಲೇ ಹುಡುಕುವ ಹಟ ಮಾರುಕಟ್ಟೆಯಲ್ಲಿ ದುಬಾರಿ.

5. ಮನೆಯವರಿಗೆ ಹೇಳಿ

ಎಷ್ಟು ಹಣ, ಯಾವ ಹೊತ್ತು, ಎಷ್ಟು ಹೋದರೆ ನಿಲ್ಲಿಸುತ್ತೀರಿ, ಈ ಮೂರನ್ನೂ ಹೇಳಿ. ಮನೆ ಖರ್ಚಿನ ಹಣ ಬೇರೆ ಖಾತೆಯಲ್ಲಿರಲಿ.

6. ಮೂರು ತಿಂಗಳು ಬರೆದು ನೋಡಿ

ಪ್ರತಿ ಟ್ರೇಡ್‌ಗೂ ಒಂದು ಸಾಲು. ಕೊಂಡ ಬೆಲೆ, ಮಾರಿದ ಬೆಲೆ ಎಲ್ಲರೂ ಬರೆಯುತ್ತಾರೆ, ಆಪ್‌ನಲ್ಲೇ ಅದು ಸಿಗುತ್ತದೆ. ಇನ್ನೂ ಮೂರು ಕಾಲಂ ಹಾಕಿ: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಆ ದಿನ ಮನೆಯಲ್ಲಿ ಯಾರ ಮೇಲಾದರೂ ರೇಗಿದಿರಾ, ಯಾಕೆ ಕೊಂಡಿರಿ. ಮೂರನೆಯದನ್ನು ಆರ್ಡರ್ ಹಾಕುವ ಮುಂಚೆಯೇ ಬರೆಯಬೇಕು, ಆಮೇಲೆ ಬರೆದರೆ ಎಲ್ಲರೂ ಜಾಣರೇ.

ಮೂರು ತಿಂಗಳಾದ ಮೇಲೆ ಲಾಭವನ್ನು ಸ್ಕ್ರೀನ್ ಮುಂದೆ ಕೂತ ಗಂಟೆಗಳಿಂದ ಭಾಗಿಸಿ. ಆಮೇಲೆ ‘ಯಾಕೆ’ ಕಾಲಂ ಓದಿ. ನನ್ನ ಹಳೆಯ ನೋಟ್‌ಬುಕ್‌ನಲ್ಲಿ ಒಂದೇ ಉತ್ತರ ಪುಟಕ್ಕೆ ಮೂರು-ನಾಲ್ಕು ಸಲ ಸಿಗುತ್ತದೆ: ‘ಸುಮ್ಮನೆ ಕೂರಲು ಆಗಲಿಲ್ಲ.’